ಭಾನುವಾರವೇ ಕರು ಹಾಕುವ ದನಗಳು

ಸುಳ್ಳು ಹೇಳುವುದಕ್ಕೂ ಒಂದು ಕಸುಬಿನ ಆಧಾರ ಬೇಕು. ನನ್ನ ಕಸುಬು ದನಗಳದ್ದಾದ್ದರಿಂದ ನನ್ನ ಸುಳ್ಳುಗಳಲ್ಲೂ ದನಗಳೇ ತುಂಬಿಕೊಂಡವು. ಭಟ್ಕಳ ತಾಲೂಕಿನ ಒಂದು ಪಶು ಆಸ್ಪತ್ರೆಯಲ್ಲಿ ನಾನು ಸಹಾಯಕ. ಜನ ‘ಡಾಕ್ಟ್ರೇ’ ಎನ್ನುತ್ತಾರೆ. ದನಗಳಂತೂ ಸರ್ಟಿಫಿಕೇಟು ಕೇಳುವುದಿಲ್ಲ. ಹೊಟ್ಟೆಯಲ್ಲಿ ಅಡ್ಡ ಸಿಕ್ಕಿಕೊಂಡ ಕರುಗಳನ್ನು ಎಳೆದು ತೆಗೆದವನು, ಒದ್ದಾಡುವ ಕರುವನ್ನು ಎತ್ತಿ ತಾಯಿಯ ಮುಂದೆ ಮಲಗಿಸಿದವನು ನಾನು. ಅಂಥವನು ಕುಮಟಾದ ಆಸ್ಪತ್ರೆಯಲ್ಲಿ ನರ್ಸು ಮೂರು ಕಿಲೋದ ನನ್ನ ಮಗಳನ್ನು ಕೈಗೆ ಕೊಡಲು ಬಂದಾಗ ಎರಡು ಹೆಜ್ಜೆ ಹಿಂದೆ ಸರಿದು, “ಕೈ ತೊಳ್ಕೊಂಡು ಬರ್ತೆ” ಎಂದೆ. ತೊಳೆಯುತ್ತಲೇ ಇದ್ದೆ. ಅಷ್ಟರಲ್ಲಿ ಮಗು ಅಜ್ಜಿಯ ಮಡಿಲು ಸೇರಿತ್ತು.

ನಮ್ಮ ಕಡೆ ಮೊದಲ ಬಾಣಂತನ ತವರಿನಲ್ಲಿ. ಗಂಡನಾದವನು ವಾರಕ್ಕೊಮ್ಮೆ ನೆಂಟನಂತೆ ಹೋಗಿ, ಕುರ್ಚಿಯಲ್ಲಿ ಕೂತು, ಅವಲಕ್ಕಿ ಚಹಾ ಮುಗಿಸಿ, ಬಾಗಿಲಲ್ಲಿ ನಿಂತು ಮಗುವನ್ನು ನೋಡಿ ಬರಬೇಕು. ದಾರಿಯಲ್ಲಿ ಸಿಕ್ಕವರೆಲ್ಲ “ತಾಯಿ ಮಗು ಹುಷಾರಾ?” ಎನ್ನುತ್ತಿದ್ದರು. ಹುಷಾರೇ. ಹುಷಾರಿಲ್ಲದವನು ನಾನೊಬ್ಬ. ನಿದ್ದೆ ಇಲ್ಲ, ಅನ್ನ ಸೇರದು. ಎತ್ತಿಕೊಂಡರೆ ಬೀಳಿಸಿಯೇ ಬಿಡುತ್ತೇನೆಂಬ ಯೋಚನೆ. ಅದಕ್ಕಿಂತ ಕೆಟ್ಟದ್ದೆಂದರೆ, ಮಗಳ ಮುಖ ನೋಡಿದರೆ ಉಕ್ಕಿ ಬರಬೇಕಾದ ಪ್ರೀತಿ ಬರಲೇ ಇಲ್ಲ. ಇದನ್ನು ಯಾರ ಹತ್ತಿರ ಹೇಳುವುದು? ಮೂರನೆಯ ಭಾನುವಾರ ಕುಮಟಾದ ಮಾವನ ಮನೆಗೆ ಹೊರಟವನು ಅರ್ಧ ದಾರಿಗೆ ಹೊನ್ನಾವರದಲ್ಲೇ ಬಸ್ಸಿಳಿದು, ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು, ದನಕ್ಕೆ ಕಷ್ಟದ ಹೆರಿಗೆ, ಬರಲಾಗುವುದಿಲ್ಲ ಎಂದು ಹೆಂಡತಿ ಸವಿತಾಳಿಗೆ ಫೋನ್ ಮಾಡಿದೆ. ಮುಂದಿನ ಭಾನುವಾರವೂ ಅಷ್ಟೆ. ಅದರ ಮುಂದಿನದೂ. ಚೀಲದಲ್ಲಿ ಮಗಳಿಗೆಂದು ಕೊಂಡ ಗಿಲಕಿ ಇತ್ತು; ನಾನು ಅಲುಗಾಡಿದರೆ ಅದು ಸದ್ದು ಮಾಡುತ್ತಿತ್ತು. ಕೊನೆಗೆ ಫೋನಿನಲ್ಲಿ ಮಾವನೇ ಕೇಳಿದರು: “ಅಲ್ಲ, ನಿಮ್ಮ ಬದಿ ದನಗಳೆಲ್ಲ ಭಾನುವಾರವೇ ಕರು ಹಾಕ್ತವಾ?”

ಒಂದು ಬುಧವಾರ ಮುಟ್ಟಳ್ಳಿಯ ಮಾಸ್ತಮ್ಮನ ದನ ನಿಜವಾಗಿಯೂ ಕರು ಹಾಕಿತು. ವಯಸ್ಸಾದ ಮಾಸ್ತಮ್ಮ ನನ್ನ ಕೈಗೆ ಬಿಸಿನೀರು ಹೊಯ್ಯುತ್ತ ಮುಖ ನೋಡಿದರು. “ನಿಮ್ಗೆ ಎಂತ ಆಯ್ತು ಡಾಕ್ಟ್ರೇ? ಇಷ್ಟು ಇಳ್ದು ಹೋಗಿದ್ರಿ.” ಮಗಳು ಹುಟ್ಟಿದ ಮೇಲೆ ಹೀಗೆ ಕೇಳಿದ ಮೊದಲಿಗರು ಅವರೇ. ಹೇಳಿಬಿಟ್ಟೆ. ಹೇಳುತ್ತ ಕೊಟ್ಟಿಗೆಯಲ್ಲೇ ಅತ್ತುಬಿಟ್ಟೆ. ದನ ತಿರುಗಿ ನೋಡಿತು. ಮಾಸ್ತಮ್ಮ ಚೊಂಬು ಕೆಳಗಿಟ್ಟರು. “ನಮ್ಮ ಹಿರೇ ಮಗ ಹುಟ್ಟಿದಾಗ ನಮ್ಮನೆಯವ್ರು ಹಂದಿ ಬರ್ತವೆ, ಕಾಯ್ತೆ ಅಂತ ಗದ್ದೆಯ ಕಾವಲು ಮಾಳ ಹತ್ತಿ ತಿಂಗಳು ಕೂತಿದ್ರು. ಕೊಯ್ಲು ಮುಗ್ದು ಹೋಗಿತ್ತು ಮಾರಾಯ್ರೆ. ಬೋಳು ಗದ್ದೆಲಿ ಹಂದಿಗೆ ಎಂತ ಕೆಲ್ಸ? ಅವ್ರು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಕೇಳ್ಬೇಕಿತ್ತು.”

ಆ ಭಾನುವಾರ ಹೊನ್ನಾವರ ಬಂದಾಗ ಮುಂದಿನ ಸೀಟಿನ ಕಂಬಿ ಹಿಡಿದು ಕೂತೆ, ಇಳಿಯಲಿಲ್ಲ. ಕುಮಟಾದಲ್ಲಿ ಬಾಣಂತಿ ಕೋಣೆಯ ಒಳಗೇ ಹೋಗಿ ಸವಿತಾಳಿಗೆ ಎಲ್ಲವನ್ನೂ ಹೇಳಿದೆ, ದನಗಳ ಸಮೇತ. ಬೈಯುತ್ತಾಳೆಂದುಕೊಂಡಿದ್ದೆ. ಅವಳು, “ಹೆದ್ರಿಕೆ ನಂಗೂ ಆಗ್ತದೆ. ನೀವು ಹೊನ್ನಾವರದಲ್ಲಿ ಇಳಿದ್ರಿ. ನಾನು ಎಲ್ಲಿ ಇಳೀಲಿ?” ಎಂದಳು. ನಾನು ಮಗುವಿಗೆ ಕೈ ಚಾಚಿದೆ. ಅವಳು ಮಗುವನ್ನು ಕೊಟ್ಟು, ನನ್ನ ಕೈಗಳ ಕೆಳಗೆ ತನ್ನ ಕೈಯನ್ನೂ ಇಟ್ಟುಕೊಂಡಳು. ಆಗಲೇ ಪ್ರೀತಿ ಉಕ್ಕಿತೆಂದರೆ ಅದು ಇನ್ನೊಂದು ಸುಳ್ಳಾದೀತು. ಮಗುವಿಗೆ ಇಂಜೆಕ್ಷನ್ ಹಾಕಿಸಲು ಹೋದಾಗ ಸವಿತಾ ನನ್ನ ವಿಷಯವನ್ನೂ ಡಾಕ್ಟರಮ್ಮನಿಗೆ ಹೇಳಿದಳು. ಅವರು ನಗಲಿಲ್ಲ, ಹೊಸ ಅಪ್ಪಂದಿರಿಗೂ ಹೀಗಾಗುತ್ತದೆ ಎಂದು ಹೇಳಿ, ಮನಸ್ಸಿನ ಡಾಕ್ಟರರ ಹತ್ತಿರ ಕಳಿಸಿದರು. ಈಗ ನಿದ್ದೆ ಬರುತ್ತಿದೆ. ಪ್ರೀತಿಯೂ, ಸ್ವಲ್ಪ ಸ್ವಲ್ಪವಾಗಿ.

ಕಳೆದ ಭಾನುವಾರ ಒಂದು ದನಕ್ಕೆ ನಿಜವಾಗಿ ಕಷ್ಟದ ಹೆರಿಗೆ. ಬರುವುದು ತಡ ಎಂದು ಫೋನ್ ಮಾಡಿದರೆ ಸವಿತಾ, “ದನವೂ ಹೊನ್ನಾವರದ ಬೆಂಚಿನ ಮೇಲೆ ಕೂತಿದ್ಯಾ?” ಎಂದಳು. ಕೆಲಸ ಮುಗಿಸಿ, ಅದೇ ಅಂಗಿಯಲ್ಲೇ ಸಂಜೆ ಬಸ್ಸು ಹತ್ತಿದೆ. ಪಕ್ಕದ ಸೀಟಿಗೆ ಯಾರೂ ಬರಲಿಲ್ಲ. ಬಾಗಿಲಲ್ಲೇ ಸವಿತಾ ಮೂಗು ಮುಚ್ಚಿಕೊಂಡು, “ಆತು, ಇವತ್ತಿಂದು ಖರೆ” ಎಂದು, ಮಗಳನ್ನು ಕೊಡದೆ ಬಚ್ಚಲು ತೋರಿಸಿದಳು. ಕೈ ತೊಳೆಯಲು ಹೋದೆ. ಈ ಸಲ ಬೇಗ ಬಂದೆ.