ಜಾಣಮರಿ ಮುನಿಸಿಕೊಂಡ ದಿನ

ನನ್ನ ಎಡದವಡೆಯ ಬೆಳ್ಳಿ ಹಲ್ಲಿಗೆ ರೇಡಿಯೋ ತರಂಗ ಕೇಳಿಸುತ್ತದೆ. ತೈಪೆಯ ಯಾವ ಅತ್ತೆ ಯಾವ ಸೊಸೆಗೆ ಫೋನಿನಲ್ಲಿ ಏನಂದಳೆಂದು, ಇಲ್ಲಿ ಶಿಂಚು ಊರಿನಲ್ಲಿ ಕೂತು ಬಾಯಿ ತೆರೆದರೆ ನನಗೆ ಗೊತ್ತಾಗುತ್ತದೆ. ಒಮ್ಮೆ ಆಕಳಿಸುವಾಗ ಜಪಾನಿನ ಹವಾ ವರದಿ ಬಂದು, ಬಿರುಬಿಸಿಲಲ್ಲಿ ಕೊಡೆ ಹಿಡಿದು ಮನೆಗೆ ಹೋಗಿದ್ದೆ. ಇಂಥ ಹಲ್ಲಿನವನು ಪರೀಕ್ಷಾಲಯದಲ್ಲಿದ್ದೂ ನಮ್ಮ ಎಂಜಿನಿಯರ್ ಆ-ಲಿನ್‌ನ ಗತಿ ಹೀಗಾಯಿತಲ್ಲ ಅನ್ನುವುದೇ ನನ್ನ ದುಃಖ.

ಕೈಗೆ ಕಟ್ಟುವ ಪಟ್ಟಿ, ಎದೆಗೆ ಅಂಟಿಸುವ ಬಿಲ್ಲೆ ಇಂಥವು ಪಕ್ಕದ ಯಂತ್ರದ ತರಂಗ ತಾಗಿ ತಲೆ ಕೆಡಿಸಿಕೊಳ್ಳುತ್ತವೆಯೋ ಎಂದು ನೋಡುವುದು ನಮ್ಮ ಕೆಲಸ. ಅದಕ್ಕೊಂದು ಕೋಣೆಯಿದೆ. ಗೋಡೆ, ಸೂರು, ನೆಲಕ್ಕೆಲ್ಲ ಕಪ್ಪು ಸ್ಪಂಜಿನ ಮೊನೆಗಳು. ಒಳಗೆ ನಿಂತರೆ ಹಲಸಿನ ಹಣ್ಣನ್ನು ಒಳಗು ಹೊರಗು ಮಾಡಿ ನಮ್ಮನ್ನು ಅದರಲ್ಲಿ ತುಂಬಿಟ್ಟ ಹಾಗೆ. ಹೊರಗಿನ ತರಂಗ ಒಳಗೆ ಬರುವುದಿಲ್ಲ, ಒಳಗಿನ ಗೊರಕೆ ಹೊರಗೆ ಹೋಗುವುದಿಲ್ಲ.

ಅಂದು ಬಂದಿದ್ದು ಮುದುಕರ ಎದೆಗೆ ಅಂಟಿಸುವ ಬಿಲ್ಲೆ. ಹುಸಿ ಹೃದಯದ ಡಬ್ಬಿಯೊಂದು ನಿಮಿಷಕ್ಕೆ ಎಪ್ಪತ್ತೆರಡು ಸಲ ಮಿಡಿಯುತ್ತದೆ; ಎಂಥ ತರಂಗ ಬಿಟ್ಟರೂ ಬಿಲ್ಲೆ ಎಪ್ಪತ್ತೆರಡೇ ಅನ್ನಬೇಕು. ಐದು ಗಂಟೆಯೊಳಗೆ ವರದಿ ಕೊಡದಿದ್ದರೆ ನಾಳೆಯಿಂದ ನೆಲಮಾಳಿಗೆಯ ರೈಸ್ ಕುಕ್ಕರ್ ವಿಭಾಗಕ್ಕೆ ಹೋಗು ಎಂದು ಮ್ಯಾನೇಜರ್ ಕೋ ಹೇಳಿಬಿಟ್ಟಿದ್ದರು. ಆ-ಲಿನ್‌ಗೆ ಅದು ಸಾವಿಗಿಂತ ಕಷ್ಟ. ತಾನು ಹೃದಯದ ಕೆಲಸದಲ್ಲಿದ್ದೇನೆ ಎಂದು ಭಾವಿ ಮಾವನಿಗೆ ಹೇಳಿದ್ದ; ಮಾವ ಅಳಿಯ ಹೃದಯದ ಡಾಕ್ಟರೆಂದು ಊರಿಗೆಲ್ಲ ಹಂಚಿಬಿಟ್ಟಿದ್ದರು. ಮದುವೆ ಊಟಕ್ಕೆ ಇನ್ನು ಒಂಬತ್ತು ದಿನ.

ಬೆಳಗ್ಗೆಯೆಲ್ಲ ಎಪ್ಪತ್ತೆರಡೇ ಬಂತು. ಮಧ್ಯಾಹ್ನ ಊಟವಾಗಿ, ಎಂದಿನಂತೆ ದೀಪ ಆರಿಸಿ, ಎಲ್ಲರೂ ಮೇಜಿಗೆ ತಲೆಯಿಟ್ಟು ಅರ್ಧ ಗಂಟೆ ನಿದ್ದೆ ತೆಗೆದರು. ಎದ್ದು ಮತ್ತೆ ಶುರು ಮಾಡಿದರೆ ಬಿಲ್ಲೆ ನೂರ ತೊಂಬತ್ತು ಅಂದಿತು. ಆಮೇಲೆ ನಲವತ್ತು. ಆಮೇಲೆ, ಹೃದಯ ನಿಂತಿದೆ ಎಂದು ಕೂಗಿಕೊಂಡಿತು. ಆ-ಲಿನ್ ತರಂಗ ನಿಲ್ಲಿಸಿದ. ಆಗಲೂ ನೂರ ತೊಂಬತ್ತು. ಹೊಡೆಯುವವರೇ ಇಲ್ಲ, ಏಟು ಮಾತ್ರ ಬೀಳುತ್ತಿದೆ.

ಅಷ್ಟರಲ್ಲಿ ಸಲಹೆಗಾರರು ಜಮಾಯಿಸಿದರು. ನಾಲ್ಕು ಜನ ಅಂದರೆ ನಾಲ್ಕು ಸಾವಿರದಷ್ಟು ಮಾತು. ಆ-ಲಿನ್‌ನ ಮೈಮೇಲಿನ ಲೋಹವೇ ಕಾರಣವಿರಬೇಕೆಂದು ಕೋ ಅವರು ವಾಚು, ಕನ್ನಡಕ, ಕೊನೆಗೆ ಬೆಲ್ಟನ್ನೂ ಬಿಚ್ಚಿಸಿದರು. ಅವನ ಪ್ಯಾಂಟು ಜಾರುತ್ತಿತ್ತು, ಬಿಲ್ಲೆ ಅರಚುತ್ತಿತ್ತು. ಕಸ ಗುಡಿಸುವ ಚಿನ್ ಚಿಕ್ಕಮ್ಮ ಪೊರಕೆ ಗೋಡೆಗೊರಗಿಸಿ, "ಜಾಣಮರಿ ಎಲ್ಲಿಟ್ಟಿದೀಯೋ?" ಎಂದು ಕೇಳಿದರು.

ನಮ್ಮಲ್ಲಿ ಯಂತ್ರ ಸರಿಯಾಗಿ ನಡೆಯಬೇಕೆಂದರೆ ಅದರ ಮೇಲೆ ಹಸಿರು ಪೊಟ್ಟಣದ ಜೋಳದ ಕುರುಕಲು ಇಡಬೇಕು. ಅದರ ಹೆಸರೇ ಜಾಣಮರಿ. ಹಸಿರೇ ಆಗಬೇಕು, ಹಸಿರು ದೀಪದ ಹಾಗೆ. ಒಡೆಯಬಾರದು, ತಿನ್ನಲಂತೂ ಬಾರದು. ತರಂಗದ ಯಂತ್ರದ ಮೇಲೆ ಪೊಟ್ಟಣ ಇದ್ದೇ ಇತ್ತು. ಅದರ ಉಸ್ತುವಾರಿ ಆ-ಲಿನ್‌ನದೇ. ಒಂದು ಸಾಲುತ್ತಿಲ್ಲವೇನೋ ಎಂದು ಕೋ ಅವರು ಪಕ್ಕದ ವಿಭಾಗಗಳಿಂದ ಇನ್ನೂ ಆರು ತರಿಸಿ ಹುಸಿ ಹೃದಯದ ಸುತ್ತ ಕೂರಿಸಿದರು. ಒಳಮೈಗೆ ಬೆಳ್ಳಿ ಹಾಳೆಯಿದ್ದ ಪೊಟ್ಟಣಗಳು, ತರಂಗವನ್ನು ವಾಪಸು ಪುಟಿಸುವಂಥವು. ಬಿಲ್ಲೆ ಮುನ್ನೂರು ಮುಟ್ಟಿತು.

ನಾಲ್ಕಕ್ಕೆ ಬಿಲ್ಲೆಯ ಕಂಪನಿಯಿಂದ ಯೆನ್ ಮೇಡಂ ಬಂದರು. ಕಂಡದ್ದು ಏಳು ಪೊಟ್ಟಣ, ಅವುಗಳ ಮುಂದೆ ಎರಡೂ ಕೈಯಲ್ಲಿ ಪ್ಯಾಂಟು ಹಿಡಿದು ತಲೆ ತಗ್ಗಿಸಿದ ಎಂಜಿನಿಯರು.

"ಇದು ಪರೀಕ್ಷೆನೋ ಪೂಜೆನೋ?"

"ಎರಡೂ ಮೇಡಂ," ಎಂದರು ಕೋ.

ಆ-ಲಿನ್ ನನ್ನತ್ತ ತಿರುಗಿದ. ಕಣ್ಣಲ್ಲಿ ನೀರು. "ಫಾನ್ ಅಣ್ಣ, ನಿಮ್ಮ ಹಲ್ಲಿಂದ ಏನಾದ್ರೂ ಆಗುತ್ತಾ?"

ನಾನು ಬಾಯಿ ತೆರೆದುಕೊಂಡು ಕೋಣೆಯೊಳಗೆ ನಡೆದೆ. ಒಮ್ಮೆ ಎಡಕ್ಕೆ ವಾಲಿದೆ, ಒಮ್ಮೆ ಬಲಕ್ಕೆ. ಮೇಜಿನ ಬುಡದ ಸ್ಪಂಜಿನ ಮೊನೆಯ ಹಿಂದೆ ಕೈ ಹಾಕಿ ಎಳೆದರೆ ಬಂತು, ಕುತ್ತಿಗೆ ಉಳುಕಿಗೆ ಹಾಕುವ, ಬ್ಯಾಟರಿಯಲ್ಲಿ ಮಿಡಿಯುವ ಪಟ್ಟಿ. ಟಕ ಟಕ ಮಿಡಿಯುತ್ತಲೇ ಇತ್ತು. ಒತ್ತಿ ಆರಿಸಿದೆ. ಬಿಲ್ಲೆ ಎಪ್ಪತ್ತೆರಡು ಅಂದಿತು. ಕೈಚಪ್ಪಾಳೆಗೆ ಕಟ್ಟಡವೇ ಅದುರಿತು. ಗಂಟೆ ನಾಲ್ಕೂ ನಲವತ್ತು. ಆ-ಲಿನ್ ಪ್ಯಾಂಟು ಬಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡ; ಪ್ಯಾಂಟಿಗೆ ಏನಾಯಿತೆಂದು ಹೇಳುವುದಿಲ್ಲ.

"ಫಾನ್, ಬಾಯಿ ತೆಗಿ," ಎಂದರು ಚಿನ್ ಚಿಕ್ಕಮ್ಮ.

"ಯಾಕೆ ಚಿಕ್ಕಮ್ಮ?"

"ಆ ಹಲ್ಲು ನೋಡ್ಬೇಕು."

ಮೊಬೈಲಿನ ಬೆಳಕು ಬಿಟ್ಟು ನೋಡಿದರು. "ಬೆಳ್ಳಿ ಗಿಳ್ಳಿ ಏನೂ ಇಲ್ಲ. ಸಂದೀಲಿ ಜೋಳದ ಚೂರು ಮಾತ್ರ ಇದೆ."

ಹೋಗಿ ಯಂತ್ರದ ಮೇಲಿನ ಪೊಟ್ಟಣ ಎತ್ತಿದರು. ಹಿಂಬದಿ ಅಂಟುಪಟ್ಟಿ. ಒಳಗೆ ಮುದುರಿದ ಟಿಶ್ಯೂ ಕಾಗದ.

ಇನ್ನು ಮುಚ್ಚಿಟ್ಟು ಫಲವಿಲ್ಲ. ಬೆಳ್ಳಿ ಹಲ್ಲು ಸುಳ್ಳು. ಆ ಕೋಣೆಯಷ್ಟು ನಿಶ್ಶಬ್ದ ಜಾಗ ಇನ್ನೊಂದಿಲ್ಲವೆಂದು ಮಧ್ಯಾಹ್ನದ ನಿದ್ದೆ ನಾನು ಅಲ್ಲೇ ತೆಗೆಯುವುದು. ಪಟ್ಟಿ ನನ್ನದು, ಎದ್ದಾಗ ಮರೆತದ್ದು. ನೂರ ತೊಂಬತ್ತು ಕಂಡ ಕ್ಷಣವೇ ನೆನಪಾಗಿತ್ತು. ಬಾಯಿ ಬಿಡಲು ಧೈರ್ಯವಾಗಲಿಲ್ಲ. ಮಲಗುವ ಮುಂಚೆ ಸ್ವಲ್ಪ ಹಸಿವೂ ಆಗಿತ್ತು.

ಪಟ್ಟಿಯ ವಿಷಯಕ್ಕೆ ಯಾರೂ ಬೈಯಲಿಲ್ಲ. ನಿದ್ದೆ ಎಲ್ಲರಿಗೂ ಬೇಕು ಎಂದರು. ಪೊಟ್ಟಣ ತಿಂದದ್ದಕ್ಕೆ ಮಾತ್ರ ಕೋಣೆಯೇ ತಣ್ಣಗಾಯಿತು. ಯೆನ್ ಮೇಡಂ ಕೈಚೀಲ ಹೆಗಲಿಗೇರಿಸಿದರು.

"ಖಾಲಿ ಜಾಣಮರಿ ಇಟ್ಟು ಮಾಡಿದ ಪರೀಕ್ಷೆ ನಾವು ಒಪ್ಪಲ್ಲ. ನಾಳೆ ಹೊಸ ಪೊಟ್ಟಣ ಇಡಿ, ಬೇರೆ ಎಂಜಿನಿಯರ್ ಹಾಕಿ."

ಪೊಟ್ಟಣದ ಉಸ್ತುವಾರಿ ಆ-ಲಿನ್‌ನದಾದ್ದರಿಂದ ಅವನು ಕುಕ್ಕರಿಗೆ ಹೋದ. ತಿಂದದ್ದು ನಾನಾದ್ದರಿಂದ ನಾನೂ.

ನೆಲಮಾಳಿಗೆಯಲ್ಲಿ ಅವನು ನನ್ನ ಪಕ್ಕದಲ್ಲೇ ಕೂರುತ್ತಾನೆ. ಮಾವನಿಗೆ ಇನ್ನೂ ಹೇಳಿಲ್ಲ. ದಿನಾ ಬೆಳಗ್ಗೆ ಕುಕ್ಕರುಗಳ ಮೇಲಿನ ಪೊಟ್ಟಣಗಳನ್ನು ಒಂದೊಂದಾಗಿ ಎತ್ತಿ ತೂಗಿ ನೋಡುತ್ತಾನೆ. ಇವತ್ತು ಒಂದು ಹಗುರವಾಗಿತ್ತು. ಇಲಿಯಿರಬೇಕು ಅಂದೆ.

ಇಲಿಯಲ್ಲ.