ಅರ್ಧ ಉಪ್ಪಿನ ಪೀಪಾಯಿ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವನೂ ನನ್ನ ಹಾಗೆ ರೇಡಿಯೊದಲ್ಲೇ ಕೆಲಸಕ್ಕಿದ್ದಿರಬೇಕು. ಮೊರಾವ ನದಿ ದಡದ ನಮ್ಮೂರಿನ ರೇಡಿಯೊದಲ್ಲಿ ಬೆಳಗಿನಿಂದ ಸಂಜೆವರೆಗೆ ಮೊಳಗುವುದು ನನ್ನದೇ ಘನಗಂಭೀರ ಕಂಠ: “ಉಪ್ಪು ಅರ್ಧ ಮಾಡಿ, ಹೃದಯ ಕಾಪಾಡಿ!” ಊರಿಗೆ ಊರೇ ತಲೆದೂಗುತ್ತಿತ್ತು (ನಾನು ಯಾರನ್ನೂ ಕೇಳಿರಲಿಲ್ಲ ಅನ್ನಿ). ನನ್ನ ಹೆಂಡತಿ ದೆಸಂಕಾ ಮಾತ್ರ ನನ್ನ ದನಿ ಬಂದೊಡನೆ ರೇಡಿಯೊ ಕಿವಿ ಹಿಂಡಿ ಬಾಯಿ ಮುಚ್ಚಿಸುತ್ತಿದ್ದಳು.

“ಊರೆಲ್ಲ ನನ್ನ ಮಾತು ಕೇಳುತ್ತೆ, ನೀನೊಬ್ಬಳು ಕೇಳಲ್ಲ!” ಎಂದು ಶರತ್ಕಾಲವಿಡೀ ಗೊಣಗಿದೆ. ಅವಳು ಆಯಿತೆಂದು ತಲೆಯಾಡಿಸಿ ಚಳಿಗಾಲದ ಎಲೆಕೋಸನ್ನು ಪೀಪಾಯಿಗೆ ತುಂಬಿ, ಉಪ್ಪುನೀರು ಸುರಿದು, ಮೇಲೆ ಕಲ್ಲು ಹೇರಿದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಸಂತ ನಿಕೋಲಾ ನಮ್ಮ ಮನೆದೇವರು. ಅವನ ಹಬ್ಬಕ್ಕೆ ಬಂಧುಬಳಗವೆಲ್ಲ ಬರುವುದು ಸರ್ಮಾ ತಿನ್ನುವುದಕ್ಕೇ. ಉಪವಾಸದ ಕಾಲವಾದ್ದರಿಂದ ಮಾಂಸವಿಲ್ಲ; ಪೀಪಾಯಿಯಲ್ಲಿ ಹುಳಿಬಂದ ಕೋಸಿನ ಎಲೆಯಲ್ಲಿ ಅಕ್ಕಿ, ಅಕ್ರೋಟು ಸುತ್ತಿ ಬೇಯಿಸುತ್ತೇವೆ. ಹಬ್ಬದ ಹಿಂದಿನ ದಿನ ನೆಲಮಾಳಿಗೆಗೆ ಇಳಿದು ಮುಚ್ಚಳ ತೆಗೆದೆ. ದೇವರೇ! ಕೋಸು ಕೊಳೆತು ಲೋಳೆಯಾಗಿತ್ತು.

“ಉಪ್ಪು ಹಾಕಿದ್ಯೇನೇ?”

“ಅರ್ಧ ಹಾಕ್ದೆ. ನೀವೇ ತಾನೇ ಹೇಳಿದ್ದು?”

“ಅದು ಊಟಕ್ಕೆ ಕಣೇ, ಪೀಪಾಯಿಗಲ್ಲ!”

“ಪೀಪಾಯಿ ಬಿಟ್ಟು ಅಂತ ರೇಡಿಯೊದಲ್ಲಿ ಹೇಳಿದ್ರಾ?”

ಮಾನ ಉಳಿಯಬೇಕಲ್ಲ. ಪಾತ್ರೆ ಹಿಡಿದು ಪಕ್ಕದ ಮನೆಯ ವುಕಾಶಿನ್ ಬಾಗಿಲು ತಟ್ಟಿದೆ. ಅವನ ಪೀಪಾಯಿಯಲ್ಲಿ ಕೋಸು ಬಂಗಾರದಂತೆ ಹೊಳೆಯುತ್ತಿತ್ತು.

“ಉಪ್ಪು ಕಮ್ಮಿ ಮಾಡ್ಲಿಲ್ವೇನಯ್ಯಾ?”

“ಯಾಕೆ ಮಾಡ್ಲಿ?”

“ನನ್ನ ಜಾಹೀರಾತು ಕೇಳ್ಲಿಲ್ವಾ?”

“ಓ, ಅದಾ! ನಿನ್ನ ದನಿ ಬಂದ್ರೆ ನಮ್ಮನೇಲಿ ಕಾಫಿಗೆ ನೀರಿಡೋಕೆ ಎದ್ದು ಹೋಗ್ತೀವಿ. ಬೀದಿಯೋರೆಲ್ಲ ಹಾಗೇ. ಬಹಳ ಉಪಕಾರ ಆಗಿದೆ ಮಾರಾಯಾ,” ಎಂದು ಪಾತ್ರೆ ತುಂಬಿಸಿಕೊಟ್ಟ.

ಹಬ್ಬದ ದಿನ ನೆಂಟರು ಸರ್ಮಾ ಬಾಯಿಗಿಟ್ಟು, “ಆಹಾ, ಉಪ್ಪು ಹದವಾಗಿದೆ!” ಎಂದು ಕೊಂಡಾಡಿದರು. ನಾನೂ ಬಾಯಿ ಚಪ್ಪರಿಸುತ್ತ ಕೈ ಚಾಚಿದೆ. ದೆಸಂಕಾ ನನ್ನ ಮುಂದೆ ಬೇರೆಯೇ ತಟ್ಟೆ ಇಟ್ಟಳು. ಅದರಲ್ಲಿದ್ದದ್ದು ಬೇಯಿಸಿದ ಆಲೂಗಡ್ಡೆ, ಸಪ್ಪೆಯೆಂದರೆ ಸಪ್ಪೆ.

“ಊರು ಕೇಳದಿದ್ರೆ ಹಾಳಾಗಿ ಹೋಗ್ಲಿ. ನಿಮ್ಮ ಮಾತು ನಾನು ಕೇಳ್ತೀನಿ ರೀ,” ಎಂದಳು. ಕಣ್ಣಲ್ಲಿ ನಿಜವಾದ ಅಕ್ಕರೆಯಿತ್ತು. ಹಾಗಾಗಿ ಜಗಳವಾಡಲೂ ಆಗಲಿಲ್ಲ.

ನನ್ನ ಪ್ರಚಾರದಿಂದ ಊರಲ್ಲಿ ಒಬ್ಬರಾದರೂ ತಿದ್ದಿಕೊಂಡರೆಂದು ಹಿಗ್ಗಬೇಕು ನಿಜ. ಆದರೆ ಆ ಒಬ್ಬರ ಕೈಯಡುಗೆ ದಿನವೂ ಉಣ್ಣಬೇಕಾದವನು ನಾನು.