ಕಂಪ್ಯೂಟರಿನ ಹಣೆಗೆ ವಿಭೂತಿ

ಯಾರನ್ನೂ ಹೊಗಳಿ ನನಗೆ ರೂಢಿಯಿಲ್ಲ. ಹೊಗಳಿದರೆ ಮನುಷ್ಯ ಕೆಡುತ್ತಾನೆ ಎಂಬುದು ನನ್ನ ನಂಬಿಕೆ. ಅದಕ್ಕೇ ನಮ್ಮ ಯಜಮಾನರು ಕೊನೆಯವರೆಗೂ ಕೆಡಲಿಲ್ಲ. ಆದರೆ ನಮ್ಮ ಬೈಲಹೊಂಗಲದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ರಾಜೇಸಾಬನನ್ನು ಹೊಗಳದಿದ್ದರೆ ನಾನು ತಿಂದ ರೊಟ್ಟಿ ಅರಗುವುದಿಲ್ಲ. ನಾಲ್ಕು ತಿಂಗಳಿಂದ ಅರಗಿಲ್ಲ.

ನನ್ನ ಸೊಸೆ ಶೈಲಾ ಪಡಸಾಲೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಜೋಡಿಸಿ ಪ್ರೆಸ್ಸಿಗೆ ಕಳಿಸುತ್ತಾಳೆ. ನಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು, ಅದರ ತಲೆ ಬಾಲ ತಿಳಿಯದು. ಆದರೆ ಅನ್ನ ಕೊಡುವ ಸಾಮಾನಿಗೆ ವಿಭೂತಿ ಹಚ್ಚಬೇಕು ಎಂಬುದು ತಿಳಿಯುತ್ತದೆ. ನನ್ನ ಹೊಲಿಗೆ ಯಂತ್ರಕ್ಕೆ ಮೂವತ್ತು ವರ್ಷ ಹಚ್ಚಿದ್ದೆ, ಒಂದು ದಿನವೂ ಕೈಕೊಡಲಿಲ್ಲ. ಶೈಲಾ ಮಾತ್ರ ಮೊದಲ ದಿನವೇ, "ಅತ್ಯಾರ, ಇದಕ್ಕ ಏನೂ ಹಚ್ಚಬ್ಯಾಡ್ರಿ ಮತ್ತ" ಎಂದಿದ್ದಳು. ಹಾಗಾಗಿ ಅವಳು ಸ್ನಾನಕ್ಕೆ ಹೋದಾಗ ಹಚ್ಚುತ್ತಿದ್ದೆ. ಕಂಪ್ಯೂಟರಿನ ಪೆಟ್ಟಿಗೆಯ ಮುಂಭಾಗದಲ್ಲಿ ತೂತುತೂತಿನ ಜಾಳಿಗೆ ಇದೆಯಲ್ಲ, ಅದೇ ಹಣೆ ಎಂದುಕೊಂಡು ಮೂರು ಬೆರಳಲ್ಲಿ ಒಣ ವಿಭೂತಿ ಎಳೆಯುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅದು ಮಾಯ! ನನ್ನ ಮಗ ಓಣಿ ದಾಟುವ ಮೊದಲೇ ಹಣೆ ಒರೆಸಿಕೊಳ್ಳುತ್ತಾನೆ. ಇದು ನೋಡು, ಭಕ್ತಿಯಿಂದ ಒಳಗೇ ತೆಗೆದುಕೊಳ್ಳುತ್ತದೆ ಎಂದು ಮರುದಿನ ಇನ್ನಷ್ಟು ಧಾರಾಳವಾಗಿ ಹಚ್ಚುತ್ತಿದ್ದೆ.

ಯರಗಟ್ಟಿಯವರ ಲಗ್ನಪತ್ರಿಕೆ ಪ್ರೆಸ್ಸಿಗೆ ಹೋಗಬೇಕಾದ ದಿನ ಯಂತ್ರ ಗುರ್ರೆಂದು ಕಾದು ಆರಿಹೋಯಿತು. ಚಾಲೂ ಮಾಡಿದರೆ ಮತ್ತೆ ಬಂದ್. ಶೈಲಾಳ ಮುಖ ಸಣ್ಣದಾಯಿತು. ಪತ್ರಿಕೆಯಲ್ಲಿ ದೊಡ್ಡಪ್ಪನ ಹೆಸರು ಮೇಲೋ, ಸೋದರಮಾವನದು ಮೇಲೋ ಎಂದು ಆ ಬೀಗರು ಎಂಟು ದಿನ ನಮ್ಮ ಪಡಸಾಲೆಯಲ್ಲೇ ಕುಳಿತು ಜಗಳಾಡಿ, ಕಡೆಗೆ ಒಪ್ಪಿದ ಹೆಸರುಗಳ ಯಾದಿ ಅದರೊಳಗಿತ್ತು. ಬೇರೆಲ್ಲೂ ಇರಲಿಲ್ಲ. ಅದು ಹೋದರೆ ಜಗಳ ಮೊದಲಿನಿಂದ ಶುರು. ಈ ಸಲ ಲಗ್ನವೇ ಮುರಿದರೂ ಮುರಿದೀತು, ಆಮೇಲೆ ನನ್ನ ಸೊಸೆಯ ಹೊಸ್ತಿಲು ಯಾರು ತುಳಿಯುತ್ತಾರೆ?

ರಾಜೇಸಾಬ ಬಂದ. ಮೊದಲು ಅವನು ರಿಪೇರಿ ಮಾಡುತ್ತಿದ್ದದ್ದು ರೇಡಿಯೊ, ಆಮೇಲೆ ಟಿ.ವಿ., ಈಗ ಕಂಪ್ಯೂಟರ್. ಕನ್ನಡಕ ಮಾತ್ರ ಅದೇ. ಬಾಗಿಲಲ್ಲೇ ಜಾಡಿಸಿದೆ: "ಹ್ವಾದ ತಿಂಗಳ ನೀನ ಮುಟ್ಟಿ ಹೋಗಿದ್ದಿ. ನೀನ ಕೆಡಿಸೀದಿ."

"ಹೌದ್ರಿ ಆಯಿ, ನಾನ ಕೆಡಿಸೇನಿ. ಈಗ ಒಂದ ಕಪ್ ಚಾ ಕೊಡಸ್ರಿ, ನಾನ ರಿಪೇರಿ ಮಾಡತೇನಿ."

ಶೈಲಾ ಚಹಾಕ್ಕೆ ಒಳಗೆ ಹೋದಳು. ಅವನು ಸ್ಕ್ರೂ ಬಿಚ್ಚಿ ಪೆಟ್ಟಿಗೆ ತೆರೆದ. ಒಳಗಿನ ಸಣ್ಣ ಫ್ಯಾನು ಬೆಳ್ಳಗೆ ಮುಚ್ಚಿಹೋಗಿತ್ತು. ಬೆರಳಿಗೆ ಹತ್ತಿದ್ದನ್ನು ನೋಡಿದ, ಮೂಸಿದ, ನನ್ನ ಹಣೆ ನೋಡಿದ.

"ಆಯಿ, ಇದು ಹಣಿ ಅಲ್ಲರಿ, ಮೂಗು" ಎಂದ ಮೆಲ್ಲಗೆ. "ದಿನಾ ಮೂಗಿನಾಗ ಬೂದಿ ತುಂಬಿದ್ರ ನೀವಾದ್ರೂ ಹ್ಯಾಂಗ ಉಸಿರಾಡತೀರಿ?"

ನಾನು ಅಡುಗೆಮನೆಯ ಬಾಗಿಲ ಕಡೆ ನೋಡಿದೆ, ಶೈಲಾ ಇನ್ನೂ ಒಳಗೇ ಇದ್ದಳು. ಅವನು ಬ್ರಷ್ಷಿನಿಂದ ವಿಭೂತಿಯನ್ನೆಲ್ಲ ಕಾಗದದ ಮೇಲೆ ಉದುರಿಸಿದ. ಕಸಕ್ಕೆ ಹಾಕಲಿಲ್ಲ, ಜೋಪಾನವಾಗಿ ಮಡಿಸಿ ನನ್ನ ಕೈಗಿಟ್ಟ. ಅಷ್ಟರಲ್ಲಿ ಶೈಲಾ ಬಂದಳು. ಪೊಟ್ಟಣ ನನ್ನ ಸೆರಗಿನೊಳಗೆ ಹೋಯಿತು.

"ಏನಾಗಿತ್ತರಿ?"

"ಧೂಳರಿ ಅಕ್ಕಾರ. ಈ ರಸ್ತಾದಾಗ ಲಾರಿ ಏನ ಕಡಿಮಿ ಅದಾವ?"

ಯಂತ್ರ ಎದ್ದಿತು. ದೊಡ್ಡಪ್ಪ ಎಡಕ್ಕೆ, ಸೋದರಮಾವ ಬಲಕ್ಕೆ, ಒಂದೇ ಸಾಲಿನಲ್ಲಿ ಕ್ಷೇಮವಾಗಿದ್ದರು. ರಾಜೇಸಾಬ ಆ ಯಾದಿಯನ್ನು ಹೆಬ್ಬೆರಳಿನಷ್ಟೇ ಇರುವ ಪೆನ್ ಡ್ರೈವಿಗೂ ಹಾಕಿಕೊಟ್ಟು, ಯಾವುದನ್ನೂ ಒಂದೇ ಕಡೆ ಇಡಬೇಡಿ ಎಂದ. ಬಿತ್ತುವ ಬೀಜವನ್ನು ಎರಡು ಗಡಿಗೆಯಲ್ಲಿ ಇಟ್ಟವಳು ನಾನು. ಅದೊಂದು ಮಾತು ತಕ್ಷಣ ತಿಳಿಯಿತು.

ಅವನ ಒಂದು ಸುಳ್ಳು ನನ್ನ ಮಾನ ಉಳಿಸಿತು. ಆದರೆ ಶೈಲಾ ಆ ಸುಳ್ಳನ್ನು ನಂಬಿ ನನ್ನ ಕೈಗೊಂದು ಬಟ್ಟೆ ಕೊಟ್ಟಳು: "ಅತ್ಯಾರ, ದಿನಾ ಎರಡ ಹೊತ್ತು ಧೂಳ ಒರಸ್ರಿ." ಇಲ್ಲದ ಧೂಳನ್ನು ನಾಲ್ಕು ತಿಂಗಳಿಂದ ಒರೆಸುತ್ತಿದ್ದೇನೆ.

ಇದನ್ನು ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ, ಟೈಪ್ ಮಾಡುವವಳು ಶೈಲಾಳೇ. ಟೈಪ್ ಮಾಡುತ್ತ ಇಲ್ಲಿಯತನಕ ಬಂದಿದ್ದರೆ ನಿನಗೆ ಎಲ್ಲ ಗೊತ್ತಾಯಿತಲ್ಲ, ಶೈಲಾ ತಂಗಿ? ಬಟ್ಟೆ ನಿನ್ನ ಕುರ್ಚಿಯ ಮೇಲಿದೆ, ಇನ್ನು ನೀನೇ ಇಟ್ಟುಕೋ. ಬೈಯುವುದಿದ್ದರೆ ಊಟ ಆದ ಮೇಲೆ ಬೈ. ರಾಜೇಸಾಬನ ಹೆಸರನ್ನು ಮಾತ್ರ ನನ್ನದಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ ಹಾಕು. ಅದಕ್ಕೆ ನಾನು ಜಗಳ ತೆಗೆಯುವುದಿಲ್ಲ.